ಹಳೆಯ ದನಿ, ಹೊಸ ಯಂತ್ರ

ನಮ್ಮ ಕನ್ನಡ ವಿಭಾಗದ ಬೀರುವಿನ ಕೆಳಗಿನ ಅರೆಯಲ್ಲಿ, ಹಿಂದಿನ ವಿದ್ಯಾರ್ಥಿಗಳು ಹಳ್ಳಿ ಹಳ್ಳಿ ಸುತ್ತಿ ಹಿಡಿದು ತಂದ ಜನಪದ ಗೀತೆಗಳ ಕ್ಯಾಸೆಟ್ಟುಗಳು ಧೂಳು ಹಿಡಿದು ಮಲಗಿವೆ. ಇವನ್ನು ಗಣಕಯಂತ್ರಕ್ಕೆ ಇಳಿಸಬೇಕೆಂದು ಈ ವರ್ಷ ಸಾಹಿತ್ಯ ಸಂಘದ ಸಭೆಯಲ್ಲಿ ಮಾತು ಬಂದಿತು. ಬಂದುದೇ ತಡ, “ಹಾಗಾದರೆ ಒಂದು ಒಳ್ಳೆಯ ಕಂಪ್ಯೂಟರ್ ಕೊಳ್ಳೋಣ” ಎಂದು ಎಲ್ಲರೂ ಒಕ್ಕೊರಲಿನಿಂದ ನುಡಿದರು. ಆ ಒಕ್ಕೊರಲಿಗೆ ನನ್ನ ಕೊರಳು ಸೇರಲಿಲ್ಲ. ಏಕೆಂಬುದನ್ನು ಅಂದು ಸಭೆಯಲ್ಲಿ ಸರಿಯಾಗಿ ಹೇಳಲಾರದೆ ಹೋದೆ. ಇಲ್ಲಿ ಹೇಳಲು ಸಂಪಾದಕರು ಅವಕಾಶ ಕೊಟ್ಟಿದ್ದಾರೆ.

ನಮ್ಮ ಮನೆಯಲ್ಲಿಯೂ ಇಂಥದೊಂದು ಕ್ಯಾಸೆಟ್ಟುಂಟು. 1986ರಲ್ಲಿ ಅಜ್ಜಿ ರಾಗಿ ಬೀಸುತ್ತ ಹೇಳಿದ ಪದಗಳನ್ನು ದೊಡ್ಡಪ್ಪನವರು ಅದರಲ್ಲಿ ಹಿಡಿದಿಟ್ಟಿದ್ದರು. ಅಜ್ಜಿ ಈಗಿಲ್ಲ. ಎರಡು ವರ್ಷದ ಕೆಳಗೆ ಅದನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟು, ಎಂಪಿ3 ಮಾಡಿಸಿ ತಂದೆವು. ಕೇಳಿದರೆ, ಅಜ್ಜಿ ಕಂಬಳಿ ಹೊದ್ದು ಹಾಡಿದಂತಿತ್ತು! ಬೀಸುವ ಕಲ್ಲಿನ ಗುಡುಗು ಮಾತ್ರ ಚೆನ್ನಾಗಿ ಬಂದಿತ್ತು. “ಅವ್ವನ ಬಳೆ ಸದ್ದೇ ಇಲ್ವಲ್ಲೋ ಇದರಾಗೆ” ಎಂದರು ದೊಡ್ಡಪ್ಪ. ಹಳೆಯ ವಸ್ತು, ಸವೆದಿರಬೇಕೆಂದು ಸಮಾಧಾನ ಹೇಳಿಕೊಂಡೆವು. ಪುಣ್ಯಕ್ಕೆ ಮೂಲವನ್ನು ಎಸೆಯಲಿಲ್ಲ. ಕಳೆದ ಬೇಸಗೆಯಲ್ಲಿ ರೇಡಿಯೋ ರಿಪೇರಿಯ ಮುದುಕರೊಬ್ಬರು ಅದನ್ನು ತಮ್ಮ ಹಳೆಯ ಡೆಕ್ಕಿಗೆ ಹಾಕಿ, ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವೊಂದನ್ನು ಕೂದಲೆಳೆಯಷ್ಟು ತಿರುಗಿಸಿದರು. ಬಳೆಗಳು ಘಲ್ಲೆಂದವು. ದೊಡ್ಡಪ್ಪ ಎದ್ದು ಹೊರಗೆ ಹೋಗಿ ನಿಂತರು.

ಇದು ಮಾಯವಲ್ಲ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಷ್ಟೇ ಓಡುತ್ತದೆ. ಸೆಕೆಂಡಿಗೆ 10,000 ಸಲ ಕಂಪಿಸುವ ನಾದದ ಒಂದು ಅಲೆಗೆ ಅಲ್ಲಿ ದೊರೆಯುವ ಜಾಗ ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲು. ಓದುವ ಹೆಡ್ಡಿನ ಸೀಳು, ಬರೆದ ಹೆಡ್ಡಿನ ಸೀಳು ನಿಂತಂತೆಯೇ ನಿಲ್ಲಬೇಕು. ತುಸು ವಾಲಿದರೂ ಇಂಥ ಸಣ್ಣ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಅಜ್ಜಿಯ ಬಳೆ ಹೋದದ್ದು ಹೀಗೆ. ಕಲ್ಲಿನ ಗುಡುಗಿನ ಅಲೆ ಉದ್ದ, ಅದು ಉಳಿಯಿತು. ಟೇಪಿನಿಂದ ಎದ್ದುಬಾರದ ದನಿಯನ್ನು ಯಾವ ಕಂಪ್ಯೂಟರೂ ಆಮೇಲೆ ತಂದುಕೊಡಲಾರದು.

ಆದುದರಿಂದ ನಮ್ಮ ಸಂಘದ ಹಣ ಮೊದಲು ಹೋಗಬೇಕಾದುದು ಒಳ್ಳೆಯ ಹಳೆಯ ಡೆಕ್ಕೊಂದಕ್ಕೆ, ಅದರ ರಬ್ಬರ್ ಬೆಲ್ಟು ಬದಲಿಸಿ ಸರಿಮಾಡಿಸುವುದಕ್ಕೆ. ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸುವ ಅಗ್ಗದ ಕ್ಯಾಸೆಟ್ ಪೆಟ್ಟಿಗೆಗಳು ಮಾರಾಟಕ್ಕಿವೆ. ಒಂದನ್ನು ಸ್ನೇಹಿತರಿಂದ ತಂದು ನೋಡಿದೆ. ಓಟ ಸಮನಿಲ್ಲದೆ ರಾಗ ಕುಡಿದವನಂತೆ ತೂರಾಡಿತು. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಆಗಾಗ ಒರಸಬೇಕು. ಇದರ ಖರ್ಚು ಸಂಘದ ಒಂದು ದಿನದ ಕಾಫಿಗಿಂತ ಹೆಚ್ಚಾಗದು. ಡಾಲ್ಬಿ ಗುಂಡಿಯನ್ನು, ಮೂಲವೂ ಡಾಲ್ಬಿಯಲ್ಲಿಯೇ ಆಗಿದ್ದ ಹೊರತು, ಮುಟ್ಟಬಾರದು. ಅದು ಗುಸುಗುಸು ಸದ್ದನ್ನು ತಗ್ಗಿಸುತ್ತದೆಂದು ಒತ್ತುವವರುಂಟು. ಜೊತೆಗೆ ಬಳೆಯೂ ತಗ್ಗುತ್ತದೆ.

ಎರಡನೆಯದು, ದನಿಯನ್ನು ಅಂಕಿಗಳಾಗಿಸುವ ಆಡಿಯೋ ಇಂಟರ್ಫೇಸ್ ಎಂಬ ಚಿಕ್ಕ ಪೆಟ್ಟಿಗೆ. ಲ್ಯಾಪ್‌ಟಾಪಿನ ಮೈಕಿನ ತೂತು ಕ್ಷೀಣವಾದ ದನಿಗಾಗಿ ಮಾಡಿದ್ದು. ಡೆಕ್ಕಿನ ದನಿಯನ್ನು ಅದಕ್ಕೆ ಸುರಿದರೆ ಒಡೆದುಹೋಗುತ್ತದೆ. ಪೆಟ್ಟಿಗೆಗೆ ಲೈನ್ ಇನ್ ಇದ್ದು, 24 ಬಿಟ್ಟಿನಲ್ಲಿ ಸೆಕೆಂಡಿಗೆ 48,000 ಮಾದರಿ ತೆಗೆದುಕೊಂಡರೆ ಸಾಕು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವೂ ಕನಿಷ್ಠವೆಂದು ಹೇಳಿರುವುದು ಇಷ್ಟನ್ನೇ. ಸಿ.ಡಿ.ಯ 16 ಬಿಟ್ಟೇ ಕ್ಯಾಸೆಟ್ಟಿಗೆ ಧಾರಾಳವಾಯಿತು ಎಂದು ಭೌತಶಾಸ್ತ್ರ ಬಲ್ಲ ಗೆಳೆಯರು ವಾದಿಸಿದರು. ಲೆಕ್ಕದಲ್ಲಿ ಅವರೇ ಸರಿ. ಆದರೆ ತುಂಬಿದ ಕೊಡ ತುಳುಕದೆಂಬ ಗಾದೆ ಇಲ್ಲಿ ನಡೆಯದು. ದನಿ ಅಳತೆಯ ತುದಿ ಮುಟ್ಟಿತೆಂದರೆ ಕತ್ತರಿಸಿಹೋಗುತ್ತದೆ. 24 ಬಿಟ್ಟಿದ್ದರೆ ಮಟ್ಟವನ್ನು ತಗ್ಗಿಸಿಟ್ಟುಕೊಂಡು ನೆಮ್ಮದಿಯಾಗಿರಬಹುದು.

ಇನ್ನುಳಿದದ್ದಕ್ಕೆ ನಮ್ಮ ಪ್ರಯೋಗಾಲಯದ ಈಗಿನ ಕಂಪ್ಯೂಟರೇ ಸಾಕು. 60 ನಿಮಿಷದ ಕ್ಯಾಸೆಟ್ಟು ಈ ಅಳತೆಯಲ್ಲಿ ಸುಮಾರು ಒಂದು ಜಿ.ಬಿ. ಜಾಗ ಹಿಡಿಯುತ್ತದೆ, ನೂರು ಕ್ಯಾಸೆಟ್ಟಿಗೆ ನೂರು ಜಿ.ಬಿ. ಎರಡು ಹಾರ್ಡ್ ಡಿಸ್ಕಿನಲ್ಲಿ ಎರಡು ಪ್ರತಿ ಇಟ್ಟರಾಯಿತು. ಎಂಪಿ3 ಆಗಲಿ ಗುಸುಗುಸು ತೆಗೆಯುವ ಚಿಕಿತ್ಸೆಯಾಗಲಿ ಏನಿದ್ದರೂ ನಕಲಿಗೆ. ಮೊದಲ ಪ್ರತಿ ಇದ್ದಂತೆಯೇ ಇರಲಿ.

ಮುಂದಿನ ವರ್ಷ ನೋಡೋಣವೆಂದು ಹಿರಿಯರು ಹೇಳುವುದು ವಾಡಿಕೆ. 1978ರ ‘ನಿತ್ಯೋತ್ಸವ’ದ ಧ್ವನಿಸುರುಳಿಯಾದರೆ ನಮ್ಮಲ್ಲಿ ಕೆಟ್ಟರೂ ಇನ್ನೊಬ್ಬರ ಮನೆಯಲ್ಲಿ ಉಳಿದೀತು, ನಮ್ಮ ಅರೆಯಲ್ಲಿರುವವು ಒಂದೊಂದೇ. ಟೇಪು ನುಡಿಸುವ ಯಂತ್ರಗಳ ಕಾಲ 2025ರ ಸುಮಾರಿಗೆ ಮುಗಿಯಬಹುದೆಂದು 2019ರಲ್ಲಿಯೇ ಯುನೆಸ್ಕೋದ ಜೊತೆಗೂಡಿ ಆ ಸಂಘ ಎಚ್ಚರಿಸಿತ್ತು. ಯಂತ್ರದ ಮಾತು ಹಾಗಿರಲಿ, ಅದನ್ನು ಬಲ್ಲ ನಮ್ಮ ಮುದುಕರಿಗೇ ಎಪ್ಪತ್ತನಾಲ್ಕು.

ಅವರನ್ನು ಕೇಳಿ ಬಂದಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಪ್ರತಿ ಶನಿವಾರ ಬರುವರಂತೆ. ಆಟೋ ಬಾಡಿಗೆ ಕೊಟ್ಟರೆ ಸಾಕಂತೆ. ಇನ್ನು ಬೀರುವಿನ ಬೀಗದ ಕೈ ಯಾವ ಅಧ್ಯಾಪಕರ ಬಳಿಯಿದೆ ಎಂಬುದೊಂದು ತಿಳಿಯಬೇಕಾಗಿದೆ.