ಸಿಪ್ಪೆಯೊಳಗಿನ ಇಂಧನ

ಕಾರ್ತೀಕ ಮಾಸದ ಕಡೆಯ ಸೋಮವಾರದ ಹೊತ್ತಿಗೆ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಹೊಲಕ್ಕೆ ನುಗ್ಗಿ ಬೆಳೆ ಮೇಯುತ್ತಿದ್ದ ಬಸವನಿಗೆ ರೈತರು ಮೊದಲ ಫಸಲನ್ನೇ ಒಪ್ಪಿಸುವೆವೆಂದು ಹರಕೆ ಹೊತ್ತರೆಂಬುದು ಅಲ್ಲಿಯ ಐತಿಹ್ಯ. ದೊಡ್ಡ ಬಸವಣ್ಣನ ಗುಡಿಯ ರಸ್ತೆಯ ಇಕ್ಕೆಲಗಳಲ್ಲಿ ಹಸಿಯದು, ಹುರಿದದ್ದು, ಬೇಯಿಸಿದ್ದು ಎಂದು ಕಾಯಿಯ ರಾಶಿಗಳು ಏಳುತ್ತವೆ. ಬೀಜ ಬಾಯಿಗೆ, ಸಿಪ್ಪೆ ಬೀದಿಗೆ. ಈ ಸಿಪ್ಪೆಯನ್ನು ಬರಿಯ ಕಸವೆಂದು ಎಣಿಸುವುದು ತಪ್ಪು.

ಸಿಪ್ಪೆಯಲ್ಲಿರುವ ಸೆಲ್ಯುಲೋಸ್ ಎಂಬುದು ಸಕ್ಕರೆಯ ಕಣಗಳೇ ಸರಪಳಿಯಂತೆ ಕೂಡಿಕೊಂಡ ನಾರು. ಅದನ್ನು ಅರಗಿಸುವ ಕಿಣ್ವ ಮನುಷ್ಯನ ದೇಹದಲ್ಲಿಲ್ಲ. ಒದ್ದೆ ಮರದ ಮೇಲೆ ಬೆಳೆಯುವ ಬೂಷ್ಟು, ಅಣಬೆಗಳಲ್ಲಿ ಇದೆ. ಅಂತಹ ಒಂದು ಬೂಷ್ಟು ಬೆಳಕಿಗೆ ಬಂದದ್ದು ನಷ್ಟದ ಮೂಲಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಾಂತಸಾಗರದ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿಬಟ್ಟೆಯ ಡೇರೆಗಳು ಕೊಳೆತು ಹರಿಯತೊಡಗಿದವು. ಕಾರಣವಾದ ಬೂಷ್ಟನ್ನು ಅಧ್ಯಯನ ಮಾಡಿದ ಎಲ್ವಿನ್ ರೀಸ್ ಅವರ ಹೆಸರಿನಿಂದಲೇ ಅದಕ್ಕೆ ಟ್ರೈಕೋಡರ್ಮ ರೀಸೈ ಎಂಬ ಹೆಸರು ಬಂದಿತು. ಅಂದು ಡೇರೆಯನ್ನು ತಿಂದ ಶಿಲೀಂಧ್ರದ ಕಿಣ್ವಗಳೇ ಇಂದು ನಾರನ್ನು ಸಕ್ಕರೆಯಾಗಿ ಒಡೆದುಕೊಡುತ್ತವೆ. ಆ ಸಕ್ಕರೆಯನ್ನು ಯೀಸ್ಟ್ (ಅದೂ ಶಿಲೀಂಧ್ರವೇ) ಹುಳಿಸಿ ಎಥನಾಲ್ ಮಾಡುತ್ತದೆ. ಭತ್ತದ ಹುಲ್ಲಿನಿಂದ ಎಥನಾಲ್ ತೆಗೆಯುವ ಕಾರ್ಖಾನೆಯೊಂದು ಹರಿಯಾಣದ ಪಾಣಿಪತ್ತಿನಲ್ಲಿ 2022ರಲ್ಲಿ ಉದ್ಘಾಟನೆಯಾಯಿತು.

ಕಡಲೆ ಸಿಪ್ಪೆ ಹುಲ್ಲಿನಷ್ಟು ಸುಲಭವಾಗಿ ಮಣಿಯದು. ಅದರಲ್ಲಿ ಲಿಗ್ನಿನ್ ಹೆಚ್ಚು. ಇಟ್ಟಿಗೆಗಳ ನಡುವಣ ಗಾರೆಯಂತೆ ಅದು ನಾರನ್ನು ಬಿಗಿದುಕೊಂಡಿರುತ್ತದೆ. ಟ್ರೈಕೋಡರ್ಮ ಅದನ್ನು ಭೇದಿಸಲಾರದು. ಮರದ ದಿಮ್ಮಿಯನ್ನು ಬೆಳ್ಳಗೆ ಕೊಳೆಯಿಸುವ ಅಣಬೆಗಳು ಭೇದಿಸಬಲ್ಲವು. ಆದರೆ ಅವಕ್ಕೆ ವಾರಗಟ್ಟಲೆ ಕಾಲ ಬೇಕು, ಕೂಲಿಯೆಂಬಂತೆ ಸ್ವಲ್ಪ ಸಕ್ಕರೆಯನ್ನೂ ತಾವೇ ತಿಂದುಬಿಡುತ್ತವೆ. ಕಿಣ್ವಗಳ ಬೆಲೆಯೂ ಕಡಿಮೆಯಲ್ಲ. ಆದುದರಿಂದ ಇದು ದುಬಾರಿಯ ಕೆಲಸವೆನ್ನುವವರಿದ್ದಾರೆ.

ಅವರ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಭಾರತದಲ್ಲಿ ಪೆಟ್ರೋಲಿಗೆ ಬೆರೆಸುವ ಎಥನಾಲ್ ಬಹುಮಟ್ಟಿಗೆ ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ ಬರುತ್ತದೆ. ವಾಹನದ ಟ್ಯಾಂಕು ಊಟದ ತಟ್ಟೆಯೊಡನೆ, ದನ ಕೋಳಿಗಳ ಮೇವಿನೊಡನೆ ಪೈಪೋಟಿಗೆ ನಿಂತಿದೆ. ಕಬ್ಬು ಕುಡಿಯುವ ನೀರಿನ ಮಾತು ಬೇರೆ. ಸಿಪ್ಪೆಗೆಂದು ಪ್ರತ್ಯೇಕವಾಗಿ ಹೊಲ ಉಳಬೇಕಾಗಿಲ್ಲ, ನೀರು ಹಾಯಿಸಬೇಕಾಗಿಲ್ಲ. ಕಾಳು ಜನರಿಗೆ, ಸಿಪ್ಪೆ ಶಿಲೀಂಧ್ರಕ್ಕೆ ಎಂಬ ಹಂಚಿಕೆಯೇ ನ್ಯಾಯವಾದುದು. ಅದಕ್ಕೆ ಮೊದಮೊದಲು ಹೆಚ್ಚು ವೆಚ್ಚವಾದರೂ ಸರ್ಕಾರ ಭರಿಸತಕ್ಕದ್ದು.

ಪರಿಷೆಯ ಸಿಪ್ಪೆಯೊಂದರಿಂದಲೇ ನಗರದ ಬಸ್ಸುಗಳು ಓಡವು, ನಿಜ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಂತಹ ಊರುಗಳ ಸಿಪ್ಪೆಯೂ ಕೂಡಬೇಕಾದೀತು. ಆದರೆ ಅಭ್ಯಾಸ ಬಸವನಗುಡಿಯಿಂದಲೇ ತೊಡಗಬಹುದು. ಪ್ಲಾಸ್ಟಿಕ್ ಚೀಲ, ಧೂಳುಗಳೊಡನೆ ಬೆರೆತ ಸಿಪ್ಪೆಯನ್ನು ಮತ್ತೆ ಹೆಕ್ಕಿ ತೆಗೆಯುವ ಕೂಲಿ ಇಂಧನದ ಬೆಲೆಯನ್ನೇ ಮೀರೀತು. ಪ್ರತಿಯೊಂದು ರಾಶಿಯ ಪಕ್ಕದಲ್ಲಿ, ಸಿಪ್ಪೆಗೆಂದೇ, ಒಂದು ಬಿದಿರ ಬುಟ್ಟಿ ಇದ್ದರೆ ಸಾಕು.