ಬಟ್ಟೆ ಒಗೆಯುವವರ ಮುಷ್ಕರ

ಮುಷ್ಕರ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾರ್ಖಾನೆಯ ಗೇಟು, ಬಾವುಟ, ಘೋಷಣೆ ಕೂಗುವ ಗಂಡಸರು. ಕಂಡವರ ಮನೆಯ ಬಟ್ಟೆ ಒಗೆಯುವ ಹೆಂಗಸರು ಒಂದು ನಗರವನ್ನೇ ತಲ್ಲಣಗೊಳಿಸಿದ ಕಥೆ ಎಷ್ಟು ಮಂದಿಗೆ ಗೊತ್ತು?

1881ರ ಜುಲೈ ತಿಂಗಳು. ಅಮೆರಿಕದ ಅಟ್ಲಾಂಟಾ ನಗರ. ಅಲ್ಲಿ ಗುಲಾಮಗಿರಿ ಕೊನೆಗೊಂಡು 16 ವರ್ಷಗಳಷ್ಟೇ ಆಗಿದ್ದವು. ಬಿಳಿಯರ ಮನೆಗಳ ಕೊಳೆಬಟ್ಟೆಯ ಗಂಟು ಹೊತ್ತು ತಂದು, ಬಾವಿಯಿಂದ ನೀರು ಸೇದಿ, ಸಾಬೂನನ್ನೂ ಗಂಜಿಯನ್ನೂ ತಾವೇ ತಯಾರಿಸಿ, ಒಗೆದು, ಇಸ್ತ್ರಿ ಮಾಡಿ ಕೊಡುತ್ತಿದ್ದ ಕಪ್ಪು ಜನಾಂಗದ ಮಹಿಳೆಯರಿಗೆ ಸಿಗುತ್ತಿದ್ದುದು ತಿಂಗಳಿಗೆ 4ರಿಂದ 8 ಡಾಲರ್. ಅವರಲ್ಲಿ 20 ಮಂದಿ ಸೇರಿ ಸಂಘ ಕಟ್ಟಿದರು. 12 ಪೌಂಡ್ ಬಟ್ಟೆಗೆ ಒಂದು ಡಾಲರ್ ಕೊಡಿ ಎಂದರು. ಮನೆ ಮನೆ ಸುತ್ತಿ ಇತರರನ್ನೂ ಒಲಿಸಿದರು. ಮೂರೇ ವಾರಗಳಲ್ಲಿ ಸುಮಾರು 3,000 ಮಂದಿ ಮುಷ್ಕರದಲ್ಲಿದ್ದರು. ಕೆಲವು ಬಿಳಿಯ ಹೆಂಗಸರೂ ಸೇರಿಕೊಂಡರು. (ಕೆಲಸದವಳು ಒಂದು ದಿನ ಬಾರದಿದ್ದರೆ ನಾವು ಎಷ್ಟು ಗೊಣಗುತ್ತೇವೆಂದು ನೆನಪಿಸಿಕೊಂಡರೆ ಅಟ್ಲಾಂಟಾದ ಯಜಮಾನಿಯರ ಪಾಡು ಅರ್ಥವಾದೀತು!) ಬಂಧನ, ದಂಡ ಎಲ್ಲವೂ ಆಯಿತು. ಸಂಘದ ಸದಸ್ಯೆಯರು ತಲಾ 25 ಡಾಲರ್ ಪರವಾನಗಿ ಶುಲ್ಕ ಕಟ್ಟಬೇಕೆಂಬ ಪ್ರಸ್ತಾಪ ನಗರಸಭೆಯ ಮುಂದೆ ಬಂತು. ಅವರು ಹೆದರಲಿಲ್ಲ. 'ಕಟ್ಟುತ್ತೇವೆ, ಆದರೆ ದರ ನಿಗದಿ ಮಾಡುವವರು ನಾವೇ' ಎಂಬರ್ಥದಲ್ಲಿ ಮೇಯರರಿಗೆ ಪತ್ರ ಬರೆದರು. ಕೊನೆಗೆ ನಗರಸಭೆಯೇ ಆ ಪ್ರಸ್ತಾಪವನ್ನು ಕೈಬಿಟ್ಟಿತು.

ಇಷ್ಟಾದರೂ ಕಾರ್ಮಿಕರ ಬಗ್ಗೆ ಬರೆದ ವಿದ್ವಾಂಸರ ಗ್ರಂಥಗಳಲ್ಲಿ ಇವರಿಗೆ ಬಹುಕಾಲ ಜಾಗವೇ ಇರಲಿಲ್ಲ. ಕಾರಣ ಸರಳ. ಅವರು ಅಭ್ಯಸಿಸಿದ್ದು ಯೂನಿಯನ್‌ಗಳನ್ನು. ಅನೇಕ ಯೂನಿಯನ್‌ಗಳು ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಸಂಘದ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೆ ಪುಸ್ತಕದ ಬಾಗಿಲೂ ಮುಚ್ಚಿತು. ಆ ಅಧ್ಯಯನ ಕ್ಷೇತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಜಾನ್ ಕಾಮನ್ಸ್ 1907ರ ತಮ್ಮ ಗ್ರಂಥದಲ್ಲಿ ಜನಾಂಗಗಳನ್ನೇ ಮೇಲು ಕೀಳೆಂದು ತೂಗಿದ್ದರು. ಕಪ್ಪು ಜನಾಂಗದ ವಿದ್ವಾಂಸ ಡುಬಾಯ್ಸ್ 1935ರಲ್ಲಿ ಬೇರೆಯೇ ಮಾತು ಹೇಳಿದರು: ಅಂತರ್ಯುದ್ಧದ ಕಾಲದಲ್ಲಿ ಗುಲಾಮರು ತೋಟಗಳನ್ನು ಬಿಟ್ಟು ಹೊರಟದ್ದೇ ಒಂದು ಸಾರ್ವತ್ರಿಕ ಮುಷ್ಕರ ಎಂದು. ಅಟ್ಲಾಂಟಾದ ಈ ಮಹಿಳೆಯರ ಬದುಕನ್ನು ಟೇರಾ ಹಂಟರ್ ಎಂಬ ಇತಿಹಾಸಕಾರ್ತಿ ವಿವರವಾಗಿ ಬರೆದದ್ದು 1997ರಲ್ಲಿ.

ವಿದ್ವಾಂಸರ ಕಣ್ಣಿಗೆ ಬೀಳದವರು ಕಾನೂನಿನ ಕಣ್ಣಿಗೂ ಬೀಳಲಿಲ್ಲ. 1935ರಲ್ಲಿ ಅಮೆರಿಕ ಕಾರ್ಮಿಕರಿಗೆ ಸಂಘಟನೆಯ ಹಕ್ಕು ಕೊಡುವ ಕಾಯ್ದೆ ತಂದಾಗ ಹೊಲಗೆಲಸದವರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ದಕ್ಷಿಣದ ಕಪ್ಪು ದುಡಿಮೆಗಾರರಲ್ಲಿ ಬಹುಪಾಲು ಇದ್ದುದು ಈ ಎರಡು ಕೆಲಸಗಳಲ್ಲೇ. ಕಾಯ್ದೆಯಲ್ಲಿ 'ಕಪ್ಪು' ಎಂಬ ಪದವಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಕನಿಷ್ಠ ವೇತನದ ಕಾನೂನು ಮನೆಗೆಲಸದವರನ್ನು ಒಳಗೊಂಡದ್ದು 1974ರಲ್ಲಿ. ಸಂಘಟನೆಯ ಆ ಕಾಯ್ದೆಯಿಂದಂತೂ ಅವರು ಇಂದಿಗೂ ಹೊರಗೇ ಇದ್ದಾರೆ.