ದುಂಡು ಫ್ಲಾಸ್ಕಿನ ಲೆಕ್ಕ

ಹೈದರಾಬಾದಿಗೆ ಬಂದು ಇಪ್ಪತ್ತೈದು ವರ್ಷ ದಾಟಿತು. ಇಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಅದರಲ್ಲಿ ಒಬ್ಬರಾದರೂ ಫಾರ್ಮಾದವರು. ಅವರ ಬಾಯಲ್ಲಿ ಸದಾ ಒಂದೇ ಮಾತು: ‘ಆರ್‌ಬಿ’. ಅಂದರೆ ದುಂಡು ತಳದ ಗಾಜಿನ ಫ್ಲಾಸ್ಕು. ಮೇಜಿನ ಮೇಲೆ ತಾನಾಗಿ ನಿಲ್ಲದು, ನಮ್ಮ ಮಡಕೆಯ ಹಾಗೆ ಕೆಳಗೊಂದು ಸಿಂಬಿ ಬೇಕು. ಆದರೆ ಮೂಲೆಗಳಿಲ್ಲದ್ದರಿಂದ ಬಿಸಿ ಎಲ್ಲಾ ಕಡೆ ಸಮನಾಗಿ ಹರಡುತ್ತೆ, ಒಳಗಿನ ಗಾಳಿ ಎಳೆದರೂ ತಡೆದುಕೊಳ್ಳುತ್ತೆ.

ಈ ಊರಿನ ಔಷಧಿ ಉದ್ಯಮ ಬೆಳೆದದ್ದೇ ಇಂಥ ಫ್ಲಾಸ್ಕುಗಳಿಂದ. ತಾರ್ನಾಕದ ಐಐಸಿಟಿಯಲ್ಲಿ ಎ.ವಿ. ರಾಮರಾವ್ ಅವರ ತಂಡ ಏಡ್ಸ್ ಔಷಧಿ ಎಜೆಡ್‌ಟಿ ತಯಾರಿಸುವ ವಿಧಾನ ರೂಪಿಸಿ ಸಿಪ್ಲಾಕ್ಕೆ ಕೊಟ್ಟಿತ್ತು. ಹೆಮ್ಮೆ ಪಡಬೇಕಾದ್ದೇ.

ನನ್ನ ತಕರಾರು ಬೇರೆ. ‘ಆರ್‌ಬಿಯಲ್ಲಿ ಆಯ್ತು ಸಾರ್’ ಅಂದರೆ ಅರ್ಧ ಕೆಲಸ ಮುಗಿದಂತೆ ನಡೆದುಕೊಳ್ಳುತ್ತಾರಲ್ಲ, ಅದು. ಒಂದು ಲೀಟರ್ ಹಿಡಿಯುವ ಗುಂಡಿನ ಮೈ ಸುಮಾರು 480 ಚದರ ಸೆಂಟಿಮೀಟರ್. ಅದೇ ಆಕಾರದಲ್ಲಿ ಸಾವಿರ ಲೀಟರಿನದು ಮಾಡಿ: ಸರಕು ಸಾವಿರ ಪಟ್ಟು, ಮೈ ಬರೀ ನೂರು ಪಟ್ಟು. ಅಂದರೆ ಒಂದೊಂದು ಲೀಟರಿಗೆ ಬಿಸಿ ಹೊರಹೋಗಲು ಸಿಗುವ ಜಾಗ ಹತ್ತರಲ್ಲಿ ಒಂದು! ಮದುವೆ ಮನೆ ಭಟ್ಟರಿಗೆ ಇದು ಗೊತ್ತು. ಎಲೆಗೆ ಬಡಿಸಿದ ಅನ್ನ ಐದು ನಿಮಿಷಕ್ಕೆ ಆರುತ್ತೆ, ಕೊಪ್ಪರಿಗೆಯಲ್ಲಿರೋದು ಕೊನೆಯ ಪಂಕ್ತಿಯವರೆಗೂ ಹೊಗೆಯಾಡುತ್ತೆ. ರಾಸಾಯನಿಕ ಕ್ರಿಯೆ ಅನ್ನದಂತೆ ಸುಮ್ಮನೆ ಕೂರೋದಿಲ್ಲ. ಬಿಸಿಯೇರಿದಷ್ಟೂ ಅದರ ವೇಗ ಹೆಚ್ಚುತ್ತೆ, ವೇಗ ಹೆಚ್ಚಿದಷ್ಟೂ ಇನ್ನಷ್ಟು ಬಿಸಿ. ಫ್ಲಾಸ್ಕಿನಲ್ಲಾದರೆ ಐಸ್ ನೀರಿಗೆ ಅದ್ದಿ ಬಚಾವಾಗಬಹುದು.

ಅಮೆರಿಕದ ಜಾಕ್ಸನ್‌ವಿಲ್‌ನ ಟಿ2 ಕಾರ್ಖಾನೆಯವರೂ ಮೊದಲು ಒಂದು ಲೀಟರ್ ಪಾತ್ರೆಯಲ್ಲಿ ಪ್ರಯೋಗ ಮಾಡಿ ನೋಡಿಕೊಂಡವರೇ. 2007ರ ಡಿಸೆಂಬರ್ 19ರಂದು ದೊಡ್ಡ ರಿಯಾಕ್ಟರಿನ ಕೂಲಿಂಗ್ ಕೈಕೊಟ್ಟಿತು. ಸ್ಫೋಟದಲ್ಲಿ ನಾಲ್ಕು ಜನ ಸತ್ತರು.

ಜೀಡಿಮೆಟ್ಲದ ನೈಟ್ ಶಿಫ್ಟಿನಲ್ಲಿ ರಿಯಾಕ್ಟರ್ ಪಕ್ಕ ನಿಲ್ಲೋದು ಫ್ಲಾಸ್ಕ್ ಹಿಡಿದ ಪಿಎಚ್‌ಡಿ ಅಲ್ಲ. ಬೀದರಿನಿಂದಲೋ ಒಡಿಶಾದಿಂದಲೋ ಬಂದ ಹುಡುಗ. ಎಷ್ಟು ಬಿಸಿ ಹುಟ್ಟುತ್ತೆ ಅಂತ ಅಳೆಯುವ ಕ್ಯಾಲೊರಿಮೀಟರ್ ಇದೆ, ಅಳೆಯಲು ಬರುವವರೂ ಇದ್ದಾರೆ. ಆದರೂ ಇಂಟರ್‌ವ್ಯೂಗಳಲ್ಲಿ ಹುಡುಗರಿಗೆ ಬೀಳುವ ಮೊದಲ ಪ್ರಶ್ನೆ ‘ಯೀಲ್ಡ್ ಎಷ್ಟು?’ ಎರಡನೆಯದಾಗಿಯಾದರೂ ಕೇಳಿ ಸ್ವಾಮಿ, ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಗಿ ಕೂಲಿಂಗ್ ನಿಂತರೆ ಆ ಹುಡುಗನ ಕೈಲಿ ಎಷ್ಟು ನಿಮಿಷ ಇರುತ್ತೆ ಅಂತ.